ಖಾಲಿ ತೊಟ್ಟಿಲ ತೂಕ

“ಕೇಳ್ರಪ್ಪೋ ಕೇಳ್ರಿ! ಅರಮನೆಯ ತೊಟ್ಟಿಲಿನ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ!”

ಕೆಂಗೋಟೆಯ ಬೀದಿಗಳಲ್ಲಿ ಈ ಡಂಗುರ ಕೇಳಿದೊಡನೆ ಜನ ಮಕ್ಕಳನ್ನು ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡರು.

ಅಲ್ಲಿಯ ದೊರೆಗೆ ಮೋಟಾರಿನ ಹುಚ್ಚು. ರಾಜ್ಯವನ್ನು ಮಂತ್ರಿಗೆ ಬಿಟ್ಟು ತಾನು ಹಿತ್ತಲ ಕೋಣೆಯಲ್ಲಿ ತಂತಿ ಸುತ್ತುತ್ತ ಕೂರುತ್ತಿದ್ದ. ಹೆಂಡತಿ ಬಸುರಾದರೆ ಬೇರೆ ಗಂಡಸರು ಮಾವಿನಕಾಯಿ ತಂದುಕೊಡುತ್ತಾರೆ. ಇವನು ತಾನಾಗಿ ತೂಗುವ ತೊಟ್ಟಿಲು ಮಾಡಿಕೊಟ್ಟ. ಮೋಟಾರು ಎಷ್ಟು ಕರೆಂಟು ಎಳೆಯುತ್ತದೆಂದು ಒಂದು ಪೆಟ್ಟಿಗೆ ಅಳೆಯುತ್ತಿತ್ತು. ಕೂಸು ಭಾರವಾದಷ್ಟೂ ಕರೆಂಟು ಹೆಚ್ಚು, ಕರೆಂಟು ಹೆಚ್ಚಾದಷ್ಟೂ ತೂಗು ಜೋರು. ಪೆಟ್ಟಿಗೆಯ ಮೇಲಿನ ಮುಳ್ಳು ಕೂಸಿನ ತೂಕ ತೋರಿಸಬೇಕಿತ್ತು.

ಕೂಸು ಸತ್ತೇ ಹುಟ್ಟಿತು. ಆದರೆ ಅಂದೇ ಖಾಲಿ ತೊಟ್ಟಿಲು ತೂಗತೊಡಗಿತು. ಮುಳ್ಳು ಎಳೆಗೂಸಿನ ತೂಕ ತೋರಿಸಿತು.

“ನನ್ನ ಮಗ ಬಂದಿದ್ದಾನೆ,” ಎಂದಳು ರಾಣಿ. ಕಿಟಕಿಗಳಿಗೆಲ್ಲ ಪರದೆ ಎಳೆಸಿದಳು. ಹಾಲೂಡಿಸಲು ಊರ ಬಾಣಂತಿಯರನ್ನು ಹಿಡಿದು ತರಿಸಿದಳು. ಈಗ ಸಿಕ್ಕಿಬಿದ್ದವಳು ಹಾಲವ್ವ. ಯಾರೂ ಇಲ್ಲದ ತೊಟ್ಟಿಲೊಳಗೆ ಅವಳು ಹಾಲು ಹಿಂಡುತ್ತಿದ್ದರೆ, ಮನೆಯಲ್ಲಿ ಅವಳ ಮಗಳು ಗಂಜಿನೀರು ಕುಡಿದು ಸೊರಗುತ್ತಿತ್ತು. ಆ ಮಗುವನ್ನು ಹೆಗಲಿಗೆ ಹಾಕಿಕೊಂಡು ತಿರುಗುತ್ತಿದ್ದವನು ಹಾಲವ್ವನ ತಮ್ಮ ಕೊಟ್ರ, ಸಂತೆಯಲ್ಲಿ ಆಟದ ಬಂಡಿ ಮಾರುವವನು. ಮಗುವಿಗೆ ಅಳುವ ಶಕ್ತಿಯೂ ಇಲ್ಲವಾದಾಗ ಅವನು ಅದನ್ನು ಪಕ್ಕದ ಮನೆಯವಳ ಕೈಗಿತ್ತು ಅರಮನೆಗೆ ನಡೆದ.

ಅವನಿಗಿಂತ ಮುಂಚೆ ಇಬ್ಬರು ಬಂದಿದ್ದರು. ಮಬ್ಬುಗತ್ತಲ ಕೋಣೆಯಲ್ಲಿ ಹುಳಿ ಹಾಲಿನ ವಾಸನೆ. ತೊಟ್ಟಿಲು ಕಿರ್ರ್ ಕಿರ್ರ್ ಎಂದು ತೂಗುತ್ತಿತ್ತು.

“ಕಣ್ಣಿಗೆ ಕಾಣದವನಿಗೆ ತೂಕ ಎಲ್ಲಿಂದ ಬಂತು?” ಇದು ರಾಣಿಯ ಮೊದಲ ಒಗಟು.

“ಪ್ರೇತ,” ಎಂದು ಮಂತ್ರವಾದಿ ನಿಂಬೆಹಣ್ಣು ಕೊಯ್ದ. ಮುಳ್ಳು ಅಲುಗಲಿಲ್ಲ. “ಮುಳ್ಳು ಕೆಟ್ಟಿದೆ,” ಎಂದು ಯಂತ್ರಪಂಡಿತ ಹೊಸ ಮುಳ್ಳು ಹಾಕಿದ. ಹೊಸದೂ ಅದೇ ತೂಕ ತೋರಿಸಿತು. ಬೆಳಗಾದರೆ ತಲೆ ತೆಗೆಯಲೆಂದು ಇಬ್ಬರನ್ನೂ ನೆಲಮಾಳಿಗೆಗೆ ಎಳೆದೊಯ್ದರು.

“ನೀನೇನು ಹೇಳ್ತೀಯೋ ಹುಡುಗಾ?” ರಾಣಿ ಕೊಟ್ರನತ್ತ ತಿರುಗಿದಳು.

“ಗೊತ್ತಿಲ್ಲ ತಾಯಿ. ಬಿಚ್ಚಿ ನೋಡಿದರೆ ಗೊತ್ತಾದೀತು.”

“ಅಯ್ಯೋ ಹುಚ್ಚಪ್ಪಾ, ಓಡಿಹೋಗೋ!” ಹಾಲವ್ವ ಮೂಲೆಯಿಂದ ಚೀರಿದಳು.

“ಬರಿಗೈಲಿ ಹೋದರೆ ನಿನ್ನ ಮಗಳಿಗೆ ಏನು ಹೇಳಲಕ್ಕಾ?”

ಕೊಟ್ರ ಮೋಟಾರಿನ ತಂತಿ ಕಿತ್ತ. ತೊಟ್ಟಿಲು ನಿಂತಿತು. ಮುಳ್ಳು ಕೊಂಚ ಇಳಿಯಿತೇ ಹೊರತು ಸೊನ್ನೆಗೆ ಬರಲಿಲ್ಲ.

“ಈಗ ಕರೆಂಟೇ ಹರೀತಿಲ್ಲ ತಾಯಿ. ಆದರೂ ಇದು ಏನೋ ಇದೆ ಅಂತಿದೆ. ತಕ್ಕಡಿಯ ತಟ್ಟೆ ಖಾಲಿ ಇದ್ದಾಗಲೇ ಮುಳ್ಳು ವಾಲಿದ್ದರೆ ಅದನ್ನ ಮೊದಲು ಸರಿಮಾಡಿಕೊಂಡು ತೂಗಬೇಕು. ಇದಕ್ಕೆ ಹಾಗೆ ಯಾರೂ ಮಾಡಿಲ್ಲ. ಮಗನ ತೂಕ ಅಂತ ನಿಮಗೆ ಕಂಡದ್ದು ಆ ವಾಲಿಕೆ.”

ಕೊಟ್ರ ತಂತಿ ಮತ್ತೆ ಸಿಕ್ಕಿಸಿದ. ತೊಟ್ಟಿಲು ತೂಗಿತು.

“ಬೆಳಗ್ಗೆಗಿಂತ ಈಗ ಅವನು ಭಾರ. ಹಾಲು ಕುಡಿದು ಬೆಳೆಯದಿದ್ದರೆ ಹೇಗೆ ಭಾರವಾದ?” ಇದು ರಾಣಿಯ ಎರಡನೆಯ ಒಗಟು.

“ಅವನು ಕುಡಿಯಲ್ಲ ತಾಯಿ,” ಹಾಲವ್ವ ಮೆಲ್ಲಗೆ ಹೇಳಿದಳು. “ಬಟ್ಟೆ ಒದ್ದೆಯಾಗುತ್ತೆ, ಅಷ್ಟೇ.”

ಪೆಟ್ಟಿಗೆಯೊಳಗೆ ಕೈ ಹಾಕಿದ ಕೊಟ್ರ ಬೆರಳು ಸುಟ್ಟುಕೊಂಡ. ಕರೆಂಟು ಅಳೆಯುವ ಸಣ್ಣ ತಂತಿ ಕಾದು ಕೆಂಡವಾಗಿತ್ತು. ಅವನು ಹಾಲಿನಲ್ಲಿ ತೊಯ್ದ ಬಟ್ಟೆಯನ್ನೇ ಅದರ ಮೇಲೆ ಒತ್ತಿದ. ಚುರ್ ಎಂದಿತು. ಮುಳ್ಳು ಬೆಳಗಿನ ತೂಕಕ್ಕೆ ಇಳಿಯಿತು.

“ಈ ತಂತಿ ಕಾದರೆ, ಇದ್ದದ್ದಕ್ಕಿಂತ ಹೆಚ್ಚು ಹೇಳುತ್ತೆ. ಬೆಳೆದದ್ದು ಕಾವು, ತಾಯಿ.”

ಅಷ್ಟರಲ್ಲಿ ಮುಸ್ಸಂಜೆಯಾಯಿತು. ದಾಸಿ ಕರೆಂಟು ದೀಪ ಹಚ್ಚಿದಳು. ತೊಟ್ಟಿಲು ಒಮ್ಮೆಲೇ ಹುಚ್ಚೆದ್ದು ಗೋಡೆಗೆ ಬಡಿಯುವಂತೆ ತೂಗಿತು. ಕಾವಲಿನವರು ಹಿಂದೆ ಸರಿದರು.

“ಮೂರನೆಯದು,” ರಾಣಿ ಎದ್ದಳು. “ಸಂಜೆಯಾದರೆ ಎಲ್ಲ ಮಕ್ಕಳ ಹಾಗೆ ಇವನೂ ರಚ್ಚೆ ಹಿಡಿಯುತ್ತಾನೆ. ನಾನು ಹಾಡಿದರೆ ಮಾತ್ರ ಸುಮ್ಮನಾಗುತ್ತಾನೆ. ತಂತಿ ಜೋಗುಳ ಕೇಳುತ್ತದೇನೋ?”

ಅವಳು ಸರಿದು ಕೂತು ಹಾಡತೊಡಗಿದಳು. ತೊಟ್ಟಿಲು ನಿಧಾನವಾಯಿತು. ಮುಳ್ಳು ಇಳಿಯಿತು. ಒಳಗೆ ಕೂಸಿದೆ ಎಂದು ಕೊಟ್ರನೂ ಒಂದು ಗಳಿಗೆ ನಂಬಿದ. ಮುಖ ತಿರುಗಿಸಿದಾಗ ಅವನಿಗೆ ಕಂಡದ್ದು ರಾಣಿಯ ಎಡಗೈ. ಅದು ದೀಪದ ಗುಂಡಿಯ ಮೇಲಿತ್ತು. ಕೂಸು ಮಲಗಿಸುವ ಯಾವ ತಾಯಿಯಾದರೂ ಮಾಡುವುದನ್ನೇ ಅವಳು ಮಾಡಿದ್ದಳು: ಹಾಡುವ ಮೊದಲು ದೀಪ ಸಣ್ಣ ಮಾಡಿದ್ದಳು.

ಅವಳ ನಂಬಿಕೆ ಒಡೆಯಲು ಅವನಿಗೆ ಮನಸ್ಸಿರಲಿಲ್ಲ. ಆದರೆ ಮನೆಯಲ್ಲೊಂದು ಮಗು ಅಳು ನಿಲ್ಲಿಸಿತ್ತು.

“ಇನ್ನೊಂದು ಸಲ ಹಾಡಿ ತಾಯಿ. ದೀಪ ದೊಡ್ಡದಾಗೇ ಇರಲಿ.”

ರಾಣಿ ದೀಪ ದೊಡ್ಡದು ಮಾಡಿದಳು. ತೊಟ್ಟಿಲು ಮತ್ತೆ ಹುಚ್ಚೆದ್ದಿತು. ಅವಳು ಹಾಡಿದಳು. ತೊಟ್ಟಿಲು ಕೇಳಲಿಲ್ಲ. ಇನ್ನೂ ಜೋರಾಗಿ ಹಾಡಿದಳು. ಮುಳ್ಳು ಒಂದಿಷ್ಟೂ ಕದಲಲಿಲ್ಲ.

“ದೀಪದ ಕರೆಂಟು ವಾಪಸು ಹೋಗೋದೂ ಈ ಅಳೆಯೋ ತಂತಿಯಲ್ಲೇ,” ಕೊಟ್ರ ತಲೆ ತಗ್ಗಿಸಿದ. “ಪೆಟ್ಟಿಗೆ ಅದನ್ನೂ ಕೂಸಿನ ಲೆಕ್ಕಕ್ಕೆ ಹಿಡೀತದೆ. ದೀಪ ಸಣ್ಣಗಾದರೆ ಕೂಸು ಸುಮ್ಮನಾದ ಹಾಗೆ.”

“ಆ ತಂತಿ ನಾನೇ ಜೋಡಿಸಿದ್ದು,” ಎಂದ ದೊರೆ ಬಾಗಿಲಲ್ಲಿ ನಿಂತು.

ರಾಣಿ ಹಾಡನ್ನು ನಿಲ್ಲಿಸದೆ ಕೊನೆಯ ಸಾಲಿನವರೆಗೂ ಹಾಡಿ ಮುಗಿಸಿದಳು. ಆಮೇಲೆ ತೊಟ್ಟಿಲನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿದಳು.

“ಏನು ಬೇಕೋ ಕೇಳು.”

“ನಮ್ಮಕ್ಕನ್ನ ಬಿಡಿ. ನೆಲಮಾಳಿಗೆಯವರನ್ನೂ.”

“ಅವಳನ್ನೂ ಬಿಟ್ಟೆ, ಅವರನ್ನೂ ಬಿಟ್ಟೆ. ನಿನಗೆ?”

ಕೊಟ್ರ ಸುಟ್ಟ ಬೆರಳು ಚೀಪುತ್ತ ಯೋಚಿಸಿದ. ದೊರೆಯೇ ಮುಂದೆ ಬಂದು ಹಿತ್ತಲ ಕೋಣೆಯ ಬೀಗದ ಕೈಯನ್ನು, ಒಳಗಿನ ಮೋಟಾರುಗಳ ಸಮೇತ, ಅವನ ಕೈಗಿಟ್ಟ. ಮರುದಿನದಿಂದ ದೊರೆ ರಾಜ್ಯ ಆಳುವುದನ್ನು ಕಲಿಯತೊಡಗಿದ, ತಡವಾದರೂ ಕಲಿತ.

ಹಾಲವ್ವ ಮಾತ್ರ ಇದ್ಯಾವುದಕ್ಕೂ ಕಾಯಲಿಲ್ಲ. ಸೆರಗು ಒದ್ದೆಯಾಗಿದ್ದರೂ ಬೀದಿಯಲ್ಲಿ ಓಡಿದಳು. ಅವಳ ಮಗಳು ಮೊದಲು ಬಾಯಿ ತೆರೆಯಲಿಲ್ಲ, ಆಮೇಲೆ ಬಿಡಲಿಲ್ಲ.

ಅರಮನೆಯಲ್ಲಿ ರಾಣಿ ತಾನೇ ಪರದೆ ಸರಿಸಿ ದಾಸಿಯನ್ನು ಕರೆದಳು.

“ನೀರು ಕಾಯಿಸು,” ಎಂದಳು. “ನನ್ನ ಮಗ ಸತ್ತಿದ್ದಾನೆ. ಸೂತಕದ ಸ್ನಾನ ಆಗಬೇಕು.”