ವೀರಭದ್ರನ ಮುಂದೆ ಓದಿದ ಬೆಲೆ

ವೀರಭದ್ರಸ್ವಾಮಿ ಒಬ್ಬೊಬ್ಬರನ್ನು ಒಂದೊಂದು ರೀತಿ ತಿದ್ದುತ್ತಾನೆ. ನಮ್ಮೂರ ಗುರುಬಸಪ್ಪ ಸಾಹುಕಾರರನ್ನು ತಿದ್ದಲು ಖಾನಾವಳಿಯ ನೀಲವ್ವನನ್ನು ಕಳಿಸಿದ.

ಸಾಹುಕಾರರ ಖಾಲಿ ಜಾಗವನ್ನು ನೀಲವ್ವ ಹತ್ತು ಲಕ್ಷಕ್ಕೆ ಮಾತಾಡಿದ್ದಳು. ಬ್ಯಾಂಕಿನ ಸಾಲವೂ ಮಂಜೂರಾಗಿತ್ತು. ಕ್ರಯಪತ್ರ ಬರೆಸಲು ಕೂತಾಗ ಸಾಹುಕಾರರು ಹೊಸ ರಾಗ ತೆಗೆದರು.

“ಪತ್ರದಾಗ ಐದೇ ಲಕ್ಷ ಬರಸೋಣ. ನಿನಗ ಮುದ್ರಾಂಕ ಶುಲ್ಕ ಅರ್ಧ ಉಳೀತದ, ನನಗ ತೆರಿಗೆ ಉಳೀತದ. ಒಲ್ಲೆ ಅಂದ್ರ ಜಾಗ ಬ್ಯಾರೆಯವ್ರಿಗೆ.”

ಐದು ಲಕ್ಷದ ಪತ್ರ ನೋಡಿ ಬ್ಯಾಂಕಿನವರು ಮಂಜೂರಾದಷ್ಟು ಸಾಲ ಕೊಡುವುದಿಲ್ಲ. ಸುಳ್ಳಿನ ಮೇಲೆ ಮನೆ ಕಟ್ಟಲು ನೀಲವ್ವನಿಗೂ ಮನಸ್ಸಿಲ್ಲ. ಆದರೂ ಕೈಮುಗಿದಳು.

“ನಿಮ್ಮ ಮಾತು ಮೀರ್ತೀನೇನ್ರೀ ಸಾವ್ಕಾರ್ರ? ಆದ್ರ ನಮ್ಮ ಓಣಿ ಪದ್ಧತಿ ನಿಮಗ ಗೊತ್ತದ. ಹೊಸ ಪತ್ರಾನ ವೀರಭದ್ರನ ಪಾದದ ಮ್ಯಾಲಿಟ್ಟು, ಗುಡಿ ಅಯ್ಯನೋರು ಎಲ್ಲರ ಮುಂದ ಓದ್ತಾರ. ಹ್ವಾದ ವಾರ ನಿಮ್ಮ ಮಗ್ಗಲದ ಶಿವಪುತ್ರಪ್ಪನೋರ ಜಾಗ ಒಂಬತ್ತು ಲಕ್ಷ ಅಂತ ಓದಿದ್ರು. ನಿಮ್ಮದು ಐದು ಅಂತ ಓದ್ತಾರ, ಅಷ್ಟ.”

ಸಾಹುಕಾರರು ಮೀಸೆಯ ಮೇಲೆ ಕೈ ಹಾಕಿದರು.

“ಶಿವಪುತ್ರನ ಕಲ್ಲು ನೆಲಕ್ಕ ಒಂಬತ್ತು, ನನ್ನ ಜಾಗಕ್ಕ ಐದಾ?” ಎಂದು ಪತ್ರ ಬರೆಯುವವನತ್ತ ತಿರುಗಿದರು. “ಪೂರಾ ಹತ್ತು ಬರಿಯೋ!”

ಹತ್ತು ಲಕ್ಷಕ್ಕೆ ಬೀಳುವ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಎರಡನ್ನೂ ನೀಲವ್ವ ಸ್ವಾಮಿಗೆ ಕಾಯಿ ಒಡೆಸಿದಷ್ಟೇ ಸಂತೋಷದಿಂದ ಕಟ್ಟಿದಳು.

ಸೋಮವಾರ ಗುಡಿಯಲ್ಲಿ ಪತ್ರ ಓದುವಾಗ ಸಾಹುಕಾರರೇ ಎಲ್ಲರಿಗಿಂತ ಮುಂದೆ ಕೂತಿದ್ದರು. ಬಾಗಿಲ ಹತ್ತಿರ ಶಿವಪುತ್ರಪ್ಪ ನಿಂತಿದ್ದರು. ಬೆಲೆ ಓದಿದ್ದೇ ತಡ, ಸಾಹುಕಾರರು ಭಕ್ತಿಯಿಂದ ಕೈಮುಗಿದರು.

“ಅಯ್ಯನೋರ, ಸ್ವಾಮಿಗೆ ಕೇಳಿಸ್ತೋ ಇಲ್ಲೋ. ಇನ್ನೊಮ್ಮೆ ಓದ್ರಿ. ಸ್ವಲ್ಪ ಬಾಗಿಲ ಕಡೆ ತಿರುಗಿ ಓದ್ರಿ.”