ಓಗೊಡದವ್ವನ ಕಣಿವೆ

ಗೋಣಿಹಳ್ಳಿಯಿಂದ ಅರಸನಕೆರೆ ಪೇಟೆಗೆ ಹೋಗುವ ರಾಜ್ಯ ಹೆದ್ದಾರಿಯಲ್ಲಿ, ಸೂರ್ಯಕಾಂತಿ ಹೊಲಗಳ ನಡುವೆ ತಗಡಿನ ಮಾಡಿನ ಒಂದು ಬಸ್ ತಂಗುದಾಣವಿದೆ. ಅದರ ನೆತ್ತಿಯ ಮೇಲೆ ‘ಓಗೊಡದವ್ವನ ಕಣಿವೆ’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದಾರೆ. ಮೊದಲ ಸಲ ಬಂದವರು ಬೋರ್ಡು ಓದಿ ಸುತ್ತ ನೋಡಿ ಪೆಚ್ಚಾಗುತ್ತಾರೆ. ಕಣ್ಣು ಹಾಯುವಷ್ಟು ದೂರ ಬಟಾಬಯಲು, ಕಣಿವೆಯ ಸುಳಿವೇ ಇಲ್ಲ. ಪಡುವಣಕ್ಕೆ ತಿರುಗಿ ನೋಡಿದರೆ ದೂರದಲ್ಲಿ ಎರಡು ಕಲ್ಲುಗುಡ್ಡಗಳು ಭುಜಕ್ಕೆ ಭುಜ ತಾಗಿಸಿ ನಿಂತಿರುವುದೂ ಅವುಗಳ ನಡುವೆ ಕಪ್ಪಗೆ ಒಂದು ಸಂದು ಇರುವುದೂ ಕಾಣುತ್ತದೆ. ಕಣಿವೆ ಅದೇ. ರಸ್ತೆ ಅದನ್ನು ಬಿಟ್ಟು ಈಚೆಗೆ ಬಂದಿತು, ಹೆಸರು ರಸ್ತೆಯ ಬೆನ್ನು ಹತ್ತಿ ಬಯಲಿಗೆ ಬಂದು ಕೂತಿತು. ಇದಕ್ಕಿಂತ ದೊಡ್ಡ ಬೆರಗು ಇನ್ನೊಂದಿದೆ. ರಸ್ತೆ ನೆಟ್ಟಗಿದೆ, ಎದುರಿಗೆ ಒಂದು ನರಪಿಳ್ಳೆಯೂ ಇಲ್ಲ, ಆದರೂ ಇಲ್ಲಿಗೆ ಬಂದ ಬಸ್ಸು ಒಮ್ಮೆ ಉದ್ದಕ್ಕೆ ಹಾರನ್ ಬಾರಿಸಿ ನಿಂತುಬಿಡುತ್ತದೆ. ಹತ್ತುವವರಿಲ್ಲ, ಇಳಿಯುವವರಿಲ್ಲ. ಕಂಡಕ್ಟರು ಹೆಂಗಸರ ಸೀಟುಗಳ ಕಡೆ ತಿರುಗಿ, “ಯಾರಾರ ಓ ಅನ್ರವ್ವಾ” ಎನ್ನುತ್ತಾನೆ. ಯಾರೋ ಒಬ್ಬಳು ಕಿಟಕಿಯಾಚೆ ನೋಡುತ್ತ “ಓ…” ಎನ್ನುತ್ತಾಳೆ. ಆಮೇಲೆ ಬಸ್ಸು ಹೊರಡುತ್ತದೆ.

ಇದನ್ನು ಕಂಡು ಮುಸಿಮುಸಿ ನಕ್ಕ ಪರಸ್ಥಳದವರು ಬೇಕಾದಷ್ಟು ಮಂದಿ ಇದ್ದಾರೆ. ನಗಲಿ, ಅವರಿಗೇನು ಗೊತ್ತು. ಇನ್ನು ಕೆಲವರು ಹೆಸರು ಕೇಳಿದೊಡನೆ, ಯಾರೋ ಕಲ್ಲೆದೆಯ ತಾಯಿ ಇದ್ದಳೆಂದು ತೋರುತ್ತದೆ ಎಂದು ತಾವೇ ತೀರ್ಪು ಕೊಟ್ಟು ಕೂರುತ್ತಾರೆ. ಅಂಥವರ ಮೇಲೆ ನನಗೆ ಸಿಟ್ಟು ಬರುತ್ತದೆ. ಈ ರಸ್ತೆಗೆ ಸರ್ಕಾರ ಒಮ್ಮೆ ಮೂವತ್ತನಾಲ್ಕು ಎಂಬ ನಂಬರು ಕೊಟ್ಟಿತ್ತು. ಆಮೇಲೆ ಇದನ್ನು ಬೇರೊಂದು ರಸ್ತೆಗೆ ಜೋಡಿಸಿ ನೂರ ಹದಿನೇಳು ಮಾಡಿತು. ನಾಳೆ ಇನ್ನೇನು ಮಾಡುತ್ತದೋ ಬಲ್ಲವರಾರು. ಅಂಗಿ ಬದಲಿಸಿದಷ್ಟು ಸಲೀಸಾಗಿ ನಂಬರು ಬದಲಾಯಿತು, ದಾರಿಯೂ ಜಾಗ ಬದಲಿಸಿತು. ಬದಲಾಗದೆ ಉಳಿದದ್ದು ಆ ಹೆಂಗಸಿನ ಹೆಸರೊಂದೇ. ಅದು ಹೇಗೆ ಉಳಿಯಿತೆಂಬುದನ್ನು ನಮ್ಮ ಹಿರಿಯರು ಹೇಳಿದಂತೆ ಬರೆಯುತ್ತೇನೆ.

ಹಿಂದೆ ಒಮ್ಮೆ, ರಸ್ತೆಗೆ ನಂಬರು ಇರಲಿ, ಜಲ್ಲಿಯೂ ಬೀಳದಿದ್ದ ಕಾಲದಲ್ಲಿ, ಗೋಣಿಹಳ್ಳಿಗೂ ಅರಸನಕೆರೆಗೂ ಇದ್ದದ್ದು ಆ ಸಂದಿನೊಳಗಿನ ಗಾಡಿದಾರಿ ಒಂದೇ. ಎತ್ತಿನಗಾಡಿಯ ಅಚ್ಚು ಎರಡೂ ಕಡೆ ಬಂಡೆಗೆ ಉಜ್ಜುವಷ್ಟು ಇಕ್ಕಟ್ಟು. ಗಾಡಿ ಒಳಗಿದ್ದರೆ ಪಕ್ಕದಲ್ಲಿ ಮನುಷ್ಯ ನುಸುಳಲೂ ಜಾಗವಿರಲಿಲ್ಲ. ಅರಸನಕೆರೆಯ ಕಡೆಯಿಂದ ಬಂದರೆ ಕಡಿದಾದ ಇಳಿಜಾರು, ಗಾಡಿಯ ಹಿಂದೆ ಮರದ ಕೊರಡು ಕಟ್ಟಿ ಎಳೆಸಿದರೂ ಇಳಿಯಲು ಹತ್ತಿದ ಗಾಡಿಯನ್ನು ನಡುವೆ ನಿಲ್ಲಿಸುವಂತಿಲ್ಲ. ದಾರಿ ಹಾವಿನಂತೆ ತಿರುಗಿದ್ದರಿಂದ ಈ ಬಾಯಲ್ಲಿ ನಿಂತವನಿಗೆ ಆ ಬಾಯಿ ಕಾಣುತ್ತಿರಲಿಲ್ಲ. ಎದುರುಬದುರಾಗಿ ಎರಡು ಗಾಡಿ ಸಿಕ್ಕವೆಂದರೆ ಮುಗಿಯಿತು. ಕೆಂಚವ್ವ ಎಂಬಾಕೆಯ ಗಂಡ ಹಾಗೆ ಸಿಕ್ಕಿಕೊಂಡು, ಎತ್ತುಗಳ ಜೊತೆಗೇ ಬಂಡೆಗೆ ಅರೆದುಹೋಗಿ ಸತ್ತನೆನ್ನುತ್ತಾರೆ. ಹೆಣ ಮಣ್ಣು ಮಾಡಿದ ಮೇಲೆ ಕೆಂಚವ್ವ ಊರಿಗೆ ಮರಳಲಿಲ್ಲ. ಚಿಕ್ಕ ಮಗಳು ಸಣ್ಣೀರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಣಿವೆಯ ನಡುಮಧ್ಯದ ಎತ್ತರದ ಬಂಡೆ ಹತ್ತಿದಳು. ಅಲ್ಲಿಂದ ಕಣಿವೆಯ ಎರಡೂ ಬಾಯಿ ಕಾಣುತ್ತಿದ್ದವು. ಅಲ್ಲೇ ಒಂದು ಗುಡಿಸಲು ಕಟ್ಟಿ, ಕೆಳಗೆ ದಾರಿಯ ಪಕ್ಕದ ಪೊಟರೆಯಲ್ಲಿ ಹಾದುಹೋಗುವವರಿಗೆಂದು ನೀರಿನ ಗಡಿಗೆ ಇಟ್ಟಳು. ತನ್ನ ಗಂಡನಿಗೆ ಬಂದ ಸಾವು ಇನ್ನೊಬ್ಬನಿಗೆ ಬರಬಾರದೆಂಬುದು ಅವಳ ಹಟವಾಗಿತ್ತು.

ಅವಳು ಮಾಡಿದ ಕಟ್ಟಳೆ ಬಹಳ ಸರಳವಾದದ್ದು. ಗಾಡಿಯವನು ಕಣಿವೆಯ ಬಾಯಲ್ಲಿ ನಿಂತು “ಅವ್ವಾ…” ಎಂದು ಕೂಗಬೇಕು. ದಾರಿ ಖಾಲಿಯಿದ್ದರೆ ಅವಳು ಬಂಡೆಯ ಮೇಲಿಂದ “ಓ…” ಎನ್ನುವಳು. ಒಳಗೆ ಗಾಡಿಯಿದ್ದರೆ ಸುಮ್ಮನಿರುವಳು. ತಡಿ, ನಿಲ್ಲು ಎಂದು ಕೂಗಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಆ ಕಣಿವೆಯಲ್ಲಿ ನಿಂತು ಕೂಗಿ ನೋಡಿದವರು ಹಾಗೆ ಕೇಳುವುದಿಲ್ಲ. ಬಂಡೆಯಿಂದ ಬಂಡೆಗೆ ಬಡಿದು ಮಾತು ಪುಡಿಯಾಗಿ, ಆಚೆಗೆ ಮುಟ್ಟುವುದು ಬರೀ ದನಿ. ತಡಿ ಎಂದದ್ದನ್ನು ಬಾ ಎಂದು ತಿಳಿದು ಒಬ್ಬ ಒಳಗೆ ನುಗ್ಗಿದರೂ ಹೆಣ ಬೀಳುತ್ತದೆ. ಆದ್ದರಿಂದ ದನಿ ಬಂದರೆ ಕೊನೆಗೆ ಕೂಗಿದ ಕಡೆಯವರು ಬರಬೇಕು, ದನಿ ಇಲ್ಲದಿದ್ದರೆ ಕಾಯಬೇಕು ಎಂದಾಯಿತು. ಅಂದಿನಿಂದ ಕಣಿವೆಯಲ್ಲಿ ಒಂದು ಗಾಡಿಯೂ ಇನ್ನೊಂದಕ್ಕೆ ಎದುರಾಗಲಿಲ್ಲ. ಗಾಡಿಯವರು ಅವಳ ಮುಖ ಕಂಡದ್ದು ಕಡಿಮೆ. ಆದರೆ ಆ “ಓ” ಕೇಳಿದ ಮೇಲೆ ಎತ್ತುಗಳು ಸಹ ಹೊಡೆಯದೆಯೇ ಹೆಜ್ಜೆ ಕಿತ್ತಿಡುತ್ತಿದ್ದವು ಎನ್ನುತ್ತಾರೆ.

ಸಣ್ಣೀರಿ ಬೆಳೆದು ಗೋಣಿಹಳ್ಳಿಯ ದುರುಗಪ್ಪನ ಕೈಹಿಡಿದಳು. ಚೊಚ್ಚಲ ಬಸುರಿಯಾದಾಗ ಹೆರಿಗೆಗೆ ತವರಿಗೆ ಹೋಗಬೇಕಲ್ಲ, ಅವಳ ತವರೆಂದರೆ ಆ ಬಂಡೆಯ ಮೇಲಿನ ಗುಡಿಸಲು. ದುರುಗಪ್ಪ ಗಾಡಿಯಲ್ಲಿ ಹುಲ್ಲು ಹಾಸಿ ಹೆಂಡತಿಯನ್ನು ಕೂರಿಸಿಕೊಂಡು ಹೊರಟ. ದಿನ ಇನ್ನೂ ತುಂಬಿರಲಿಲ್ಲ, ಆದರೆ ಗಾಡಿಯ ಕುಲುಕಾಟಕ್ಕೋ ಏನೋ ದಾರಿಯಲ್ಲೇ ನೋವು ಕಾಣಿಸಿಕೊಂಡಿತು. ಕಣಿವೆಯ ಬಾಯಿ ಮುಟ್ಟುವ ಹೊತ್ತಿಗೆ ಅವಳು ಹುಲ್ಲನ್ನು ಕಿತ್ತು ಕಿತ್ತು ಹಿಡಿಯುತ್ತಿದ್ದಳು. ಅವ್ವನ ಕೈಗೆ ಸೇರಿಸಿಬಿಟ್ಟರೆ ಸಾಕೆಂದು ದುರುಗಪ್ಪ ಗಂಟಲು ಹರಿಯುವಂತೆ “ಅವ್ವಾ…” ಎಂದು ಕೂಗಿದ. ಉತ್ತರ ಬರಲಿಲ್ಲ.

ಬರುವಂತಿರಲಿಲ್ಲ. ಅದು ಅರಸನಕೆರೆ ಪೇಟೆಯಲ್ಲಿ ಪ್ಲೇಗು ಬಿದ್ದ ವರ್ಷ. ಮನೆ ಮನೆಯಲ್ಲಿ ಇಲಿ ಸತ್ತು ಬೀಳತೊಡಗಿದಾಗ ಪೇಟೆಯ ಜನ ಹೆಂಡಿರು ಮಕ್ಕಳು, ಪಾತ್ರೆ ಪಗಡೆ, ಕೈಗೆ ಸಿಕ್ಕಿದ್ದನ್ನೆಲ್ಲ ಗಾಡಿಗೆ ತುಂಬಿ ಹೊರಟಿದ್ದರು. ದುರುಗಪ್ಪ ಬರುವುದಕ್ಕೆ ಸ್ವಲ್ಪ ಮೊದಲು ಅವರು ಮೇಲಿನ ಬಾಯಲ್ಲಿ ಕೂಗಿದ್ದರು, ಕೆಂಚವ್ವ “ಓ” ಎಂದಿದ್ದಳು, ಸಾಲು ಗಾಡಿ ಒಂದರ ಹಿಂದೊಂದು ಇಳಿಜಾರಿಗೆ ಇಳಿದಾಗಿತ್ತು. ಈಗ ಕೆಳಗಿನ ಬಾಯಿಂದ ಅಳಿಯನ ದನಿ. ಅವಳು ತುಟಿ ಬಿಗಿಹಿಡಿದಳು. ಇನ್ನೊಮ್ಮೆ ಕೂಗಿದ, ಸುಮ್ಮನಿದ್ದಳು. ಆಮೇಲೆ ಗಂಡಸಿನ ದನಿ ನಿಂತು, ಸಣ್ಣೀರಿಯ ದನಿಯೇ “ಅವ್ವಾ” ಎಂದು ಚೀರಿತು. ಹೆತ್ತವಳಿಗೆ ಅದು ಎಂಥ ಚೀತ್ಕಾರವೆಂದು ತಿಳಿಯದೇ? ಇದ್ದೀನಿ ಮಗಳೇ, ಸ್ವಲ್ಪ ತಾಳಿಕೋ ಎನ್ನಬೇಕೆಂದು ಅವಳ ಜೀವ ಬಾಯಿಗೆ ಬಂದಿತ್ತು. ಆದರೆ ಒಂದು ದನಿ ಹೊರಬಿದ್ದರೆ ದುರುಗಪ್ಪ ಗಾಡಿ ಒಳಗೆ ಹೊಡೆಯುತ್ತಾನೆ, ನಿಲ್ಲಲಾರದ ಗಾಡಿಗಳು ಮೇಲಿಂದ ಬಂದು ಅವರ ಮೇಲೆ ಬೀಳುತ್ತವೆ, ಒಂದರ ಮೇಲೊಂದು ಮಿಕ್ಕವೂ ಬೀಳುತ್ತವೆ. ಇಳಿದು ಓಡೋಣವೆಂದರೆ ಸಂದಿನ ತುಂಬ ಗಾಡಿ. ಕೆಂಚವ್ವ ಸೆರಗನ್ನು ಉಂಡೆಮಾಡಿ ಬಾಯಿಗೆ ತುರುಕಿಕೊಂಡು, ಎರಡು ಕೈಯಿಂದ ಬಂಡೆ ತಬ್ಬಿ ಕೂತಳು. ಮಗಳು ಕೂಗುತ್ತಲೇ ಇದ್ದಳು, ಸಾಲು ಇಳಿಯುತ್ತಲೇ ಇತ್ತು.

ಹೊರಗೆ ಬಂದ ಗಾಡಿಯೊಂದರಿಂದ ಪೇಟೆಯ ಮುದುಕಿಯೊಬ್ಬಳು ಇಳಿದು ಸಣ್ಣೀರಿಯ ಸುತ್ತ ಸೀರೆ ಮರೆಮಾಡಿಸಿದಳು. ಪ್ಲೇಗಿನ ಊರಿನವರೆಂದು ದೂರ ಸರಿಯುವ ಹೊತ್ತೂ ಅದಾಗಿರಲಿಲ್ಲ. ತಾಯಿ ಉಳಿದಳು. ಮಗು ಅಳಲೇ ಇಲ್ಲ. ಕೊನೆಯ ಗಾಡಿ ಕಣಿವೆ ದಾಟಿದ ಗಳಿಗೆಯಲ್ಲಿ ಮೇಲಿಂದ “ಓ…” ಎಂಬ ದನಿ ಬಂತು. ಅಂಥ “ಓ” ಅದಕ್ಕೆ ಮುಂಚೆ ಯಾರೂ ಕೇಳಿರಲಿಲ್ಲವಂತೆ, ಗುಡ್ಡ ಬಿರಿದಂತೆ ಇತ್ತಂತೆ. ಅದನ್ನು ಕೇಳಿಯೂ ದುರುಗಪ್ಪನ ಗಾಡಿ ಒಳಗೆ ಹೋಗಲಿಲ್ಲ. ಅವನು ಎತ್ತು ತಿರುಗಿಸಿ, ಅಲ್ಲಿದ್ದವರಿಗೆಲ್ಲ ಕೇಳುವಂತೆ, “ಆಕಿ ಅವ್ವ ಅಲ್ಲ ಕಣ್ರಪ್ಪಾ, ಓಗೊಡದವ್ವ!” ಎಂದು ಹೇಳಿ ಊರಿಗೆ ನಡೆದ. ಬೈಗುಳವಾಗಿ ಹುಟ್ಟಿದ ಹೆಸರು ಅದು.

ಸಣ್ಣೀರಿಗೆ ಗಾಡಿಸಾಲು ಕಾಣಲಿಲ್ಲವೆಂದಲ್ಲ, ಅರ್ಥವಾಗಲಿಲ್ಲವೆಂದೂ ಅಲ್ಲ. ಅವಳಿಗೆ ಒಪ್ಪಿಕೊಳ್ಳಲು ಆಗಲಿಲ್ಲ, ಅಷ್ಟೇ. “ಬಾ ಅನ್ನಾದು ಬ್ಯಾಡಾಗಿತ್ತು, ಅದೀನಿ ಅಂದಿದ್ರೆ ಸಾಕಾಗಿತ್ತು” ಎಂದು ಒಮ್ಮೆ ಅಂದಳಂತೆ, ಆಮೇಲೆ ಅವ್ವನ ಮಾತೆತ್ತಲಿಲ್ಲ. ಮುಂದೆ ಮಕ್ಕಳಾದವು, ಅವುಗಳನ್ನು ಅಜ್ಜಿಗೆ ತೋರಿಸಲಿಲ್ಲ. ಕೆಂಚವ್ವನೂ ಬಂಡೆ ಬಿಟ್ಟು ಇಳಿಯಲಿಲ್ಲ. ಗಾಡಿಯವರು ಕೂಗಿದಾಗೆಲ್ಲ “ಓ” ಎನ್ನುತ್ತ, ಸುಮ್ಮನಿರಬೇಕಾದಾಗ ಸುಮ್ಮನಿರುತ್ತ ಮುದುಕಿಯಾದಳು.

ಹೀಗಿರಲು ಒಂದು ಬೆಳಗ್ಗೆ ಕಣಿವೆಯಿಂದ “ಓ” ಬರಲಿಲ್ಲ. ಗಾಡಿಯವರು ಕಾದರು. ಬಿಸಿಲು ನೆತ್ತಿಗೆ ಬಂತು, ಮತ್ತೆ ಕೂಗಿದರು, ಕಾದರು. ಎರಡೂ ಬಾಯಲ್ಲಿ ಗಾಡಿಗಳು ಸಾಲುಗಟ್ಟಿ ಸಂತೆಯಂತಾಯಿತು. ದಾರಿಯಲ್ಲಿ ಒಂದು ಗಾಡಿಯೂ ಇಲ್ಲವೆಂದು ಎಲ್ಲರಿಗೂ ಗೊತ್ತಾಗುತ್ತ ಬಂದರೂ ಒಬ್ಬನೂ ಒಳಗೆ ಹೆಜ್ಜೆ ಇಡಲಿಲ್ಲ. ಅವಳ ಮೌನವನ್ನು ಮೀರಿ ಹೋಗುವ ಎದೆ ಯಾರಿಗೂ ಇರಲಿಲ್ಲ. ನನಗೆ ಈ ಕತೆಯಲ್ಲಿ ಮೈ ಜುಂ ಎನ್ನುವುದು ಇಲ್ಲಿಯೇ. ಯಾವ ಸರ್ಕಾರ, ಯಾವ ಬೋರ್ಡು ಅಷ್ಟು ಗಾಡಿಗಳನ್ನು ಹಾಗೆ ನಿಲ್ಲಿಸೀತು? ಕೊನೆಗೆ ಹಿರಿಯ ಗಾಡಿಯವನೊಬ್ಬ ಗೋಣಿಹಳ್ಳಿಗೆ ನಡೆದುಬಂದು ಸಣ್ಣೀರಿಯ ಬಾಗಿಲಲ್ಲಿ ನಿಂತ.

“ನಿಮ್ಮವ್ವ ಓ ಅಂತಿಲ್ಲ ಕಣವ್ವ.”

“ನನಗೂ ಅಂದಿರ್ಲಿಲ್ಲ” ಎಂದಳು ಸಣ್ಣೀರಿ. ಅವನು ಬಾಗಿಲು ಬಿಟ್ಟು ಕದಲಲಿಲ್ಲ. ಅವಳು ಒಲೆಯ ಕೊಳ್ಳಿ ಹಿಂದಕ್ಕೆ ಎಳೆದು, ಸೆರಗು ಹೊದ್ದು ಹೊರಟಳು.

ನಿಂತ ಗಾಡಿಗಳ ನಡುವೆ ಜನ ದಾರಿ ಬಿಟ್ಟರು. ಅವಳೊಬ್ಬಳೇ ಕಣಿವೆ ಹೊಕ್ಕು ಬಂಡೆ ಹತ್ತಿದಳು. ಕೆಂಚವ್ವ ಗುಡಿಸಲಿನ ಮುಂದೆ ಗೋಣಿಹಳ್ಳಿಯ ಕಡೆಗೆ ಮುಖ ಮಾಡಿ ಒರಗಿ ಕೂತಿದ್ದಳು, ಮೈ ತಣ್ಣಗಾಗಿತ್ತು. ಒಳಗೆ ಕಂಬಕ್ಕೆ ಒಂದು ಹಳೆಯ ಸೀರೆಯ ಸೆರಗು ಕಟ್ಟಿತ್ತು. ಸಣ್ಣೀರಿ ಅದನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರೆ ಹಲ್ಲು ಊರಿ ಊರಿ ಅದು ಜರಡಿಯಂತಾಗಿತ್ತು, ತೂತುಗಳ ಸುತ್ತ ಒಣಗಿದ ರಕ್ತದ ಕಲೆ. ಅದು ಯಾವ ದಿನದ್ದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅದನ್ನು ಮುಖಕ್ಕೆ ಒತ್ತಿಕೊಂಡು ಅವಳು ಅತ್ತ ಅಳು ಬರೀ ಎದೆಯೊಳಗೇ ಇತ್ತಂತೆ, ದನಿ ಹೊರಡಲಿಲ್ಲವಂತೆ. ಹೊರಟಿದ್ದರೆ, ಕೂಗಿ ಕೂಗಿ ಕಾದಿದ್ದ ಎರಡೂ ಕಡೆಯ ಗಾಡಿಗಳು ತಮಗೇ ಓಗೊಟ್ಟಳೆಂದು ಒಟ್ಟಿಗೆ ನುಗ್ಗುತ್ತಿದ್ದವು. ಅವ್ವ ಎಂಥಲ್ಲಿ ಕೂತು ಎಂಥದ್ದನ್ನು ನುಂಗಿದಳೆಂಬುದು ಆಗ ಅವಳಿಗೆ ತನ್ನ ಗಂಟಲಲ್ಲೇ ತಿಳಿಯಿತು. ಮಗಳು ಅಲ್ಲೇ ಅವ್ವನ ಪಕ್ಕ ನಿಂತಳು. ಕೆಳಗಿನ ಬಾಯಿಂದ ಯಾರೋ “ಅವ್ವಾ…” ಎಂದು ಕೂಗಿದರು. ಸಣ್ಣೀರಿ ಎರಡೂ ಕಡೆ ನೋಡಿ, ದಾರಿ ಖಾಲಿಯಿರುವುದನ್ನು ಕಂಡು, “ಓ…” ಎಂದಳು. ಕೆಂಚವ್ವನನ್ನು ಆ ಬಂಡೆಯ ಬುಡದಲ್ಲೇ ಮಣ್ಣು ಮಾಡಿದರು. ಅಂದಿನಿಂದ ಗಾಡಿಯವರು ಓಗೊಡದವ್ವ ಎಂಬ ಹೆಸರನ್ನು ಕೈಮುಗಿದೇ ಹೇಳತೊಡಗಿದರು. ಬಂಡೆಯ ಮೇಲೆ ಸಣ್ಣೀರಿ ಕೂತಳು, ಅವಳ ತರುವಾಯ ಅವಳ ಸೊಸೆ ಕೂತಳು.

ಮುಂದೆ ಗುಡ್ಡದ ಒಂದು ಮಗ್ಗುಲನ್ನು ಮದ್ದಿಟ್ಟು ಸಿಡಿಸಿ ದಾರಿ ಅಗಲ ಮಾಡಿದರು. ಡಾಂಬರು ಬಿತ್ತು, ಮೂವತ್ತನಾಲ್ಕರ ಕಲ್ಲು ನೆಟ್ಟರು. ಬಂಡೆಯ ಮೇಲೆ ಕೂರುವವರು ಬೇಕಿರಲಿಲ್ಲ. ಆದರೂ ಬಸ್ಸು ಲಾರಿಯವರು ಕಣಿವೆಯ ಬಾಯಲ್ಲಿ ಹಾರನ್ ಬಾರಿಸುವರು, ಗುಡ್ಡ ಅದನ್ನು ತಿರುಗಿಸಿ ಕೊಡುವುದು. ಅವ್ವ ಓಗೊಟ್ಟಳು ಎಂದುಕೊಂಡು ಅವರು ಮುಂದೆ ಸಾಗುವರು. ಆ ತಿರುವುಗಳಲ್ಲಿ ದೊಡ್ಡ ವಾಹನ ಹೊರಳದೆಂದು ಕಂಡಾಗ ಹೆದ್ದಾರಿಯನ್ನೇ ಎತ್ತಿ ಈ ಬಯಲಿಗೆ ಹಾಕಿದರು, ನಂಬರೂ ಬದಲಾಯಿತು. ಹೊಸ ರಸ್ತೆಯಲ್ಲಿ ಮೊದಲ ಬಸ್ಸು ಬಂದ ದಿನ ಡ್ರೈವರು ರೂಢಿಯಂತೆ ಗುಡ್ಡದ ನೇರಕ್ಕೆ ಬಂದಾಗ ಹಾರನ್ ಒತ್ತಿದ. ಬಯಲಲ್ಲಿ ಅದು ಎಲ್ಲೋ ಕರಗಿಹೋಯಿತು, ಮರುದನಿ ಬರಲಿಲ್ಲ. ಅವನು ಗಕ್ಕನೆ ಬ್ರೇಕು ಹಾಕಿದ. ಅವಳು ಓ ಎನ್ನದಿದ್ದರೆ ಕಾಯಬೇಕೆಂಬುದು ಅವನ ಅಜ್ಜನ ಕಾಲದಿಂದ ಬಂದದ್ದು. ಬಸ್ಸು ತುಂಬ ಜನ, ಎದುರಿಗೆ ಖಾಲಿ ರಸ್ತೆ, ಯಾರೂ ಗದರಲಿಲ್ಲ. ಬಹಳ ಹೊತ್ತಾದ ಮೇಲೆ ಹಿಂದಿನ ಸೀಟಿನ ಹೆಂಗಸೊಬ್ಬಳು ತಾನೇ “ಓ…” ಎಂದಳು. ಅಂದು ಶುರುವಾದದ್ದು ಇಂದಿಗೂ ನಿಂತಿಲ್ಲ.

ಅಂದು ಕಣಿವೆ ಇಳಿದ ಪ್ಲೇಗಿನ ಗಾಡಿಗಳ ಜನರ ಸಂತತಿಯೇ ಇಂದಿನ ಅರ್ಧ ಗೋಣಿಹಳ್ಳಿ. ನಮ್ಮ ಮುತ್ತಜ್ಜ ಆ ಸಾಲಿನಲ್ಲಿ ತಾಯಿಯ ಮಡಿಲಲ್ಲಿದ್ದ ಕೂಸು. ಆದ್ದರಿಂದ ಬಸ್ಸು ಇಲ್ಲಿ ನಿಂತಾಗ ನಾನು ಟೋಪಿ ತೆಗೆದು ಕೂರುತ್ತೇನೆ. ಹೋದ ಸುಗ್ಗಿಯಲ್ಲಿ ನನ್ನ ಮುಂದಿನ ಸೀಟಿನಲ್ಲಿ ತುಂಬು ಬಸುರಿಯೊಬ್ಬಳು ತಾಯಿಯ ಹೆಗಲಿಗೆ ತಲೆಯಿಟ್ಟು ಕೂತಿದ್ದಳು. ಪೇಟೆಯ ಆಸ್ಪತ್ರೆಗೆ ಹೊರಟವರು. ಬಸ್ಸು ಹಾರನ್ ಬಾರಿಸಿ ನಿಂತಿತು. ದೂರದಲ್ಲಿ ಎರಡು ಗುಡ್ಡ, ನಡುವಿನ ಸಂದು, ಅದರೊಳಗಿನ ಬಂಡೆಯ ತುದಿ ಬಿಸಿಲಿಗೆ ಬೆಳ್ಳಗೆ ಕಾಣುತ್ತಿದ್ದವು. ನೋವು ಬಂತೇನೋ, ಹುಡುಗಿ ಕಣ್ಣು ಮುಚ್ಚಿ “ಅವ್ವಾ” ಎಂದಳು. ಕಂಡಕ್ಟರು ಬಾಯಿ ತೆರೆಯುವ ಮೊದಲೇ ಆ ತಾಯಿ ಮಗಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಇಡೀ ಬಸ್ಸಿಗೆ ಕೇಳುವಂತೆ “ಓ…” ಎಂದಳು. ಬಸ್ಸು ಹೊರಟಿತು.