ತಳವಾರ ಪಾಲಯ್ಯನ ಹಗ್ಗ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಬಂದಿರದ ಕಾಲಕ್ಕೆ, ಹಿರೇಕಬ್ಬಳ ಅನ್ನೋ ಒಂದೂರಲ್ಲಿ ಪಾಲಯ್ಯ ಅನ್ನೋ ತಳವಾರನಿದ್ದನಂತೆ. ಮೀಸೆ ಚಿಗುರುವ ಮೊದಲೇ ದಂಡಿಗೆ ಸೇರಿ, ಕಡಲು ದಾಟಿ ಯುದ್ಧ ಮಾಡಿ, ಕುಂಟುತ್ತ ಬಂದವನು. ಸರ್ಕಾರ ಅವನಿಗೆ ಹಿತ್ತಾಳೆ ಬಿಲ್ಲೆ ಕೊಟ್ಟು ಊರು ಕಾಯಲು ಹಚ್ಚಿತು. ತಲೆ ನೆರೆಯುವವರೆಗೂ ಕಾದ. ಅವನು ಕೆಮ್ಮಿದರೆ ಪಕ್ಕದೂರಿನ ಕಳ್ಳರೂ ಕನ್ನಗೋಲು ಕೆಳಗಿಡುತ್ತಿದ್ದರಂತೆ. ಇರಬಹುದು, ಕಳ್ಳರನ್ನು ಕೇಳಿದವರು ಯಾರು!

ಅವನೆದೆಯಲ್ಲಿ ಒಂದು ಮುಳ್ಳಿತ್ತು. ದಂಡಿನಲ್ಲಿ ಪಹರೆಗೆ ನಿಂತಾಗ, ರೋಗದೂರಿಗೆ ಹೋಗಿದ್ದ ಗೆಳೆಯನೊಬ್ಬ ಅಳುತ್ತ ಬಂದನಂತೆ. ಇವನು ಕರಗಿ ಒಳಗೆ ಬಿಟ್ಟನಂತೆ. ಅರ್ಧ ದಂಡು ಮಣ್ಣಾಯಿತು. "ಅವತ್ತು ಒಬ್ಬನ ಕಣ್ಣೀರು ನೋಡಿದೆ, ಆಮೇಲೆ ಎಲ್ಲರ ಹೆಣ ನೋಡಿದೆ" ಅನ್ನುತ್ತಿದ್ದನಂತೆ.

ಒಂದು ವರ್ಷ ಊರಲ್ಲಿ ಇಲಿ ಬಿತ್ತು. ಇಲಿ ಬಿತ್ತೆಂದರೆ ಪ್ಲೇಗು ಬಂತು ಅಂತಲೇ. ಊರೆಲ್ಲ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿತು. ಪಾಲಯ್ಯ ಊರಬಾಗಿಲಿಗೆ ಹಗ್ಗ ಕಟ್ಟಿದ. ಒಳಗೆ ಹೋದವರು ರೋಗ ಅಡಗುವವರೆಗೆ ಹೊರಗೆ ಬರುವಂತಿಲ್ಲ ಅಂದ. ಊರಗೌಡನೇ ಬಂದು, ಮಜ್ಜಿಗೆ ಕಡಗೋಲು ಮರೆತು ಬಂದಿದ್ದೀನಿ ಅಂದರೂ ಬಿಡಲಿಲ್ಲ.

ಅವನ ಹೆಂಡತಿ ಬೋರಕ್ಕನಿಗೆ ಬೇರೆಯದೇ ಚಿಂತೆ. ಮಗಳು ತುಂಬಿದ ಬಸುರಿ. ಮಗಳು ಬಸುರಿಯಾಗಿದ್ದಾಗ ತವರುಮನೆಗೆ ಕತ್ತಲು ಕವಿಯಬಾರದು ಅನ್ನೋದು ಆ ಊರ ಹೆಂಗಸರ ನಂಬಿಕೆ. ಒಂದು ಸಂಜೆ ಗಂಡ ಊರ ಹಿಂದಣ ಗೋಡೆಯ ಕಡೆ ಗಸ್ತು ಹೋದಾಗ ಅವಳು ಹಗ್ಗದಡಿ ನುಸುಳಿದಳಂತೆ. ದೀಪ ಹಚ್ಚಿ ತಿರುಗಿ ಬರುವಾಗ ಇವನು ಬಾಗಿಲಲ್ಲಿ ನಿಂತಿದ್ದ.

"ದೀಪ ಹಚ್ಚಿ ಬಂದೆ, ಅಷ್ಟೇಯ. ಹಗ್ಗ ಎತ್ತು" ಅಂದಳು.

ಎತ್ತಲಿಲ್ಲ. ಮಗಳು ಕಾಲು ಹಿಡಿದಳು, ಊರು ಕಟುಕ ಅಂತ ಬೈಯಿತು. ಅವನೂ ಅತ್ತನಂತೆ, ಆದರೆ ಎತ್ತಲಿಲ್ಲ. ದಿನಾ ಹಗ್ಗದಾಚೆ ಮುದ್ದೆ ಇಟ್ಟು ದೂರ ಸರಿಯುತ್ತಿದ್ದ. ಅವಳು ಬಂದು ಒಯ್ಯುತ್ತಿದ್ದಳು. ಸಂಜೆಯಾದರೆ ಆ ಖಾಲಿ ಊರಿನಲ್ಲಿ ಒಂದೇ ಒಂದು ದೀಪ ಕಾಣುತ್ತಿತ್ತಂತೆ.

ಒಂದು ಸಂಜೆ ಕಾಣಲಿಲ್ಲ. ಪಾಲಯ್ಯ ಬಿಲ್ಲೆ ಬಿಚ್ಚಿ ಹಗ್ಗಕ್ಕೆ ತೂಗುಹಾಕಿದ. ಅಳಿಯನ ಕೈಗೆ ಕೋಲು ಕೊಟ್ಟು, "ನಾನೇ ಬಂದು ಕೇಳಿದರೂ ಎತ್ತಬೇಡಪ್ಪ" ಅಂದು, ಬಗ್ಗಿ ಒಳಗೆ ಹೋದ. ಆ ಸಂಜೆ ದೀಪ ಹತ್ತಿತು. ಕೆಲವು ದಿನ ಹತ್ತಿತು. ಆಮೇಲೆ ಅದೂ ಇಲ್ಲ. ಅವನು ಕೇಳಲು ಬರಲೇ ಇಲ್ಲ.

ಗುಡಿಸಲುಗಳಲ್ಲಿ ಒಂದು ಕೂಸೂ ಸಾಯಲಿಲ್ಲವಂತೆ. ಮಗಳು ಗಂಡು ಹೆತ್ತಳಂತೆ. ಬೋರಕ್ಕನಿಗೆ ರೋಗವೇ ಇರಲಿಲ್ಲ, ಕೊರಗಿ ಸತ್ತಳು ಅನ್ನುವವರೂ ಇದ್ದಾರೆ. ಆ ಮಾತು ನನ್ನ ಮುಂದೆ ಬೇಡ.

ಇವತ್ತಿಗೂ ವರ್ಷಕ್ಕೊಂದು ಅಮಾವಾಸ್ಯೆ ಸಂಜೆ ಅಲ್ಲಿಯವರು ಊರಬಾಗಿಲಿಗೆ ಹಗ್ಗ ಕಟ್ಟಿ, ಒಳಗಡೆ ದೀಪ ಇಟ್ಟು, ಎಲ್ಲರೂ ಹೊರಗೆ ನಿಲ್ಲುತ್ತಾರೆ. ಆ ಮಗಳು ಹೆತ್ತ ಕೂಸಿನ ವಂಶದವನು ಮುಂದೆ ಬಂದು, "ಬಾರವ್ವ, ಹೊರಗೆ ಬಾ" ಅಂತ ಕರೆದು ಎರಡೂ ಕೈಯಲ್ಲಿ ಹಗ್ಗ ಎತ್ತಿ ಹಿಡಿಯುತ್ತಾನೆ. ಕೈ ಎಷ್ಟು ನೋವಾದರೂ ಆ ದೀಪ ಆರುವವರೆಗೆ ಇಳಿಸುವುದಿಲ್ಲ.